ಸರಿಯುತ್ತ ಹೋದ ಗೆರೆ: ಘೋಷಣೆಗೆ ಮೊದಲೇ ನಡೆದ ಅಮೆರಿಕ–ಜರ್ಮನಿ ಕಡಲ ಕಾಳಗ

1941ರ ಡಿಸೆಂಬರ್ 11ರಂದು ಜರ್ಮನಿಯ ವಿದೇಶಾಂಗ ಸಚಿವ ರಿಬ್ಬೆನ್‌ಟ್ರಾಪ್ ಬರ್ಲಿನ್‌ನಲ್ಲಿದ್ದ ಅಮೆರಿಕದ ರಾಜತಾಂತ್ರಿಕ ಅಧಿಕಾರಿ ಲೀಲ್ಯಾಂಡ್ ಮಾರಿಸ್ ಅವರನ್ನು ಕರೆಸಿಕೊಂಡು ಯುದ್ಧ ಘೋಷಣೆಯ ಪತ್ರ ಓದಿದ. ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿ ನಾಲ್ಕೇ ದಿನವಾಗಿತ್ತು. ಆದರೂ ಆ ಪತ್ರದಲ್ಲಿ ಪರ್ಲ್ ಹಾರ್ಬರ್‌ನ ಹೆಸರಿಲ್ಲ, ಜಪಾನಿನ ಪ್ರಸ್ತಾಪವೂ ಇಲ್ಲ. ಅದರಲ್ಲಿರುವುದು ಗ್ರೀರ್, ಕಾರ್ನಿ, ರೂಬೆನ್ ಜೇಮ್ಸ್ ಎಂಬ ಮೂರು ಅಮೆರಿಕನ್ ಯುದ್ಧನೌಕೆಗಳ ಹೆಸರು. ಈ ಹಡಗುಗಳು ಜರ್ಮನಿಯ ಜಲಾಂತರ್ಗಾಮಿಗಳ ಮೇಲೆ ಯೋಜನೆ ಹಾಕಿಕೊಂಡೇ ದಾಳಿ ನಡೆಸಿವೆ, ಯುದ್ಧವನ್ನು ಅಮೆರಿಕ ಆಗಲೇ ಶುರು ಮಾಡಿಬಿಟ್ಟಿದೆ ಎಂಬುದು ಪತ್ರದ ತಿರುಳು.

ಪರ್ಲ್ ಹಾರ್ಬರ್ ದಾಳಿಯಿಂದ ಅಮೆರಿಕ ಎರಡನೆಯ ಮಹಾಯುದ್ಧಕ್ಕೆ ಇಳಿಯಿತು ಎಂದು ಶಾಲೆಯಲ್ಲಿ ಓದಿದ ನಮಗೆ ಈ ಮೂರು ಹೆಸರುಗಳು ಹೊಸವು. ಪೆಸಿಫಿಕ್ ಸಾಗರದ ಮಟ್ಟಿಗೆ ಪಠ್ಯಪುಸ್ತಕದ ಮಾತು ಸರಿ. ಅಟ್ಲಾಂಟಿಕ್‌ನಲ್ಲಿ ಮಾತ್ರ ಅಮೆರಿಕ ಅಷ್ಟರಲ್ಲಿ ನೂರಕ್ಕೂ ಹೆಚ್ಚು ನಾವಿಕರನ್ನು ಜರ್ಮನ್ ಟಾರ್ಪಿಡೊಗಳಿಗೆ ಕಳೆದುಕೊಂಡಿತ್ತು. ಆ ನಾವಿಕರು ಸತ್ತ ದಿನ ಅವರ ದೇಶ ಕಾನೂನಿನ ಲೆಕ್ಕದಲ್ಲಿ ಯಾರೊಂದಿಗೂ ಯುದ್ಧದಲ್ಲಿರಲಿಲ್ಲ. ಇದು ಹೇಗಾಯಿತು ಎಂದು ತಿಳಿಯಬೇಕಾದರೆ ತಾಟಸ್ಥ್ಯ ಎಂಬ ಮಾತಿನಿಂದಲೇ ಶುರು ಮಾಡಬೇಕು.

ತಟಸ್ಥ ಎಂದರೆ ತಟದಲ್ಲಿ, ದಡದಲ್ಲಿ ನಿಂತವನು. ಅಂತರರಾಷ್ಟ್ರೀಯ ಕಾನೂನು ದಡದಲ್ಲಿ ನಿಂತವನಿಗೆ ಕೆಲವು ಹಕ್ಕುಗಳನ್ನು ಕೊಡುತ್ತದೆ, ಜೊತೆಗೆ ಕೆಲವು ಕರ್ತವ್ಯಗಳನ್ನೂ ಹೊರಿಸುತ್ತದೆ. ಅವನ ಸರಕು ಹಡಗುಗಳು ಸಾಗರದಲ್ಲಿ ಓಡಾಡಬಹುದು. ಕಾದಾಡುವವರು ಅವುಗಳನ್ನು ತಡೆದು ತಪಾಸಣೆ ಮಾಡಬಹುದೇ ಹೊರತು ಹೇಳದೆ ಕೇಳದೆ ಮುಳುಗಿಸುವಂತಿಲ್ಲ. ಪ್ರತಿಯಾಗಿ ಅವನು ಇಬ್ಬರನ್ನೂ ಸಮನಾಗಿ ಕಾಣಬೇಕು. ದಾಯಾದಿಗಳಿಬ್ಬರು ಹೊಡೆದಾಟಕ್ಕೆ ನಿಂತಾಗ ಊರಿನ ಅಂಗಡಿಯವನು ಇಬ್ಬರಿಗೂ ಕೊಡಲಿ ಮಾರಬಹುದು, ಅದು ವ್ಯಾಪಾರ. ಒಬ್ಬನಿಗೆ ಮಾತ್ರ ತನ್ನ ಮನೆಯ ಕೊಡಲಿಯನ್ನೇ ತಂದು ಕೊಟ್ಟರೆ ಅವನು ಜಗಳದೊಳಗೆ ಬಂದ ಹಾಗೆ. 1907ರ ಹೇಗ್ ಒಪ್ಪಂದದ ನಿಯಮವೂ ಇದೇ: ತಟಸ್ಥ ಸರ್ಕಾರ ಕಾದಾಡುವವರಿಗೆ ಯುದ್ಧನೌಕೆಯನ್ನಾಗಲಿ ಮದ್ದುಗುಂಡನ್ನಾಗಲಿ ಒದಗಿಸಬಾರದು.

ಅಮೆರಿಕಕ್ಕೆ ಈ ವಿಷಯದಲ್ಲಿ ಹಳೆಯ ಗಾಯವೊಂದಿತ್ತು. 1915ರ ಮೇ 7ರಂದು ಜರ್ಮನಿಯ ಜಲಾಂತರ್ಗಾಮಿಯೊಂದು ಬ್ರಿಟನ್ನಿನ ಲೂಸಿಟೇನಿಯಾ ಹಡಗನ್ನು ಮುಳುಗಿಸಿದಾಗ 128 ಅಮೆರಿಕನ್ನರು ಸತ್ತರು. ಪ್ರತಿಭಟನೆ, ಮಾತುಕತೆ, ಭರವಸೆ ಎಲ್ಲ ನಡೆದವು. 1917ರ ಫೆಬ್ರವರಿಯಲ್ಲಿ ಜರ್ಮನಿ ಭರವಸೆ ಮುರಿದು ಕಂಡ ಹಡಗುಗಳನ್ನೆಲ್ಲ ಮುಳುಗಿಸಲು ಹೊರಟಿತು. ಏಪ್ರಿಲ್‌ನಲ್ಲಿ ಅಮೆರಿಕ ಯುದ್ಧಕ್ಕಿಳಿಯಿತು. ಒಂದು ಲಕ್ಷಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಮರಳಿ ಬರಲಿಲ್ಲ. ಯುದ್ಧ ಮುಗಿದು ಹದಿನೈದು ವರ್ಷ ಕಳೆದ ಮೇಲೆ, ಸೆನೆಟರ್ ಜೆರಾಲ್ಡ್ ನೈ ಅವರ ಸಮಿತಿ ಶಸ್ತ್ರಾಸ್ತ್ರ ಕಂಪನಿಗಳ ಮತ್ತು ಬ್ಯಾಂಕುಗಳ ಲಾಭದ ಲೆಕ್ಕ ಕೆದಕಿದಾಗ, ನಮ್ಮ ಮಕ್ಕಳು ಯಾರದೋ ಸಾಲ ವಸೂಲಿಗಾಗಿ ಸತ್ತರೆ ಎಂದು ಜನ ಕೇಳತೊಡಗಿದರು.

ಆ ಪ್ರಶ್ನೆಯಿಂದಲೇ 1935, 1936, 1937ರ ತಾಟಸ್ಥ್ಯ ಕಾಯ್ದೆಗಳು ಹುಟ್ಟಿದವು. ಇವುಗಳ ಒಳತರ್ಕವನ್ನು ಅನೇಕರು ತಪ್ಪಾಗಿ ತಿಳಿಯುತ್ತಾರೆ. 1917ರಲ್ಲಿ ಅಮೆರಿಕ ಯುದ್ಧಕ್ಕೆ ಹೋದದ್ದು ತಟಸ್ಥ ದೇಶವಾಗಿ ತನಗಿದ್ದ ಹಕ್ಕನ್ನು ಉಳಿಸಿಕೊಳ್ಳಲು. ಹೊಸ ಕಾಯ್ದೆಗಳು ಆ ಹಕ್ಕನ್ನೇ ಬಿಟ್ಟುಕೊಟ್ಟವು. ಕಾದಾಡುವವರಿಗೆ ಆಯುಧ ಮಾರುವುದು ಬೇಡ, ಸಾಲ ಬೇಡ, ಅವರ ಹಡಗಿನಲ್ಲಿ ನಮ್ಮ ಪ್ರಜೆಗಳು ಪ್ರಯಾಣ ಮಾಡುವುದೂ ಬೇಡ. ಹಡಗೇ ಅಲ್ಲಿ ಇರದಿದ್ದರೆ ಟಾರ್ಪಿಡೊ ತಗಲುವುದು ಯಾವುದಕ್ಕೆ? ಇದನ್ನು ಹೇಡಿತನ ಎಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು. ಮಕ್ಕಳನ್ನು ಕಳೆದುಕೊಂಡ ಸಮಾಜವೊಂದು ಮತ್ತೆ ಹಾಗಾಗದಿರಲಿ ಎಂದು ಹಾಕಿಕೊಂಡ ಬೇಲಿ ಅದು.

1939ರ ಸೆಪ್ಟೆಂಬರ್ 3ರಂದು ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ಅದೇ ದಿನ ವೈಸ್‌ರಾಯ್ ಲಿನ್‌ಲಿತ್‌ಗೋ ಭಾರತದ ಒಬ್ಬ ನಾಯಕನನ್ನೂ ಕೇಳದೆ ಭಾರತವೂ ಯುದ್ಧದಲ್ಲಿದೆ ಎಂದು ಪ್ರಕಟಿಸಿದರು. ಯುದ್ಧ ಬೇಕೋ ಬೇಡವೋ ಎಂದು ಅಮೆರಿಕ ಮುಂದಿನ ಎರಡು ವರ್ಷ ಸಂಸತ್ತಿನಲ್ಲಿ, ಪತ್ರಿಕೆಗಳಲ್ಲಿ, ಬೀದಿಗಳಲ್ಲಿ ಜಗಳವಾಡಿತು. ನಮ್ಮ ಹಿರಿಯರಿಗೆ ಆ ಜಗಳವಾಡುವ ಅವಕಾಶವೇ ಸಿಗಲಿಲ್ಲ. ಅಮೆರಿಕದ ಈ ಕಥೆಯನ್ನು ಓದುವಾಗಲೆಲ್ಲ ನನಗೆ ಈ ವ್ಯತ್ಯಾಸ ನೆನಪಾಗುತ್ತದೆ.

ಅದೇ ಸಂಜೆ ಅಥೀನಿಯಾ ಎಂಬ ಬ್ರಿಟಿಷ್ ಪ್ರಯಾಣಿಕರ ಹಡಗನ್ನು ಜರ್ಮನಿಯ ಯು–30 ಜಲಾಂತರ್ಗಾಮಿ ಮುಳುಗಿಸಿತು. ಸತ್ತವರಲ್ಲಿ 28 ಅಮೆರಿಕನ್ನರಿದ್ದರು. ಲೂಸಿಟೇನಿಯಾ ಮರುಕಳಿಸಿತೆಂದು ಹೆದರಿದ ಜರ್ಮನಿ ತಾನು ಮಾಡಿಲ್ಲವೆಂದು ಸುಳ್ಳು ಹೇಳಿತು, ಚರ್ಚಿಲ್ ಅವರೇ ಮಾಡಿಸಿದ್ದು ಎಂದೂ ಪ್ರಚಾರ ಮಾಡಿತು. ಅಮೆರಿಕ ಕೆರಳಲಿಲ್ಲ. ನವೆಂಬರ್ 4ರಂದು ಕಾಯ್ದೆಯನ್ನು ತಿದ್ದಿ, ಕಾದಾಡುವ ಯಾವ ದೇಶವಾದರೂ ನಗದು ಎಣಿಸಿ, ತನ್ನದೇ ಹಡಗಿನಲ್ಲಿ ಆಯುಧ ಒಯ್ಯಬಹುದು ಎಂದಿತು. ಅಮೆರಿಕದ ಹಡಗುಗಳು ಯುದ್ಧ ನಡೆಯುವ ಕಡಲಿಗೆ ಕಾಲಿಡುವಂತಿಲ್ಲ. ಕಾಗದದ ಮೇಲೆ ಇದು ಎಲ್ಲರಿಗೂ ಒಂದೇ ನಿಯಮ. ಕಡಲ ಮೇಲೆ ಹಾಗಲ್ಲ: ಜರ್ಮನಿಯ ಸರಕು ಹಡಗುಗಳಿಗೆ ಬ್ರಿಟನ್ನಿನ ದಿಗ್ಬಂಧನ ದಾಟಿ ನ್ಯೂಯಾರ್ಕ್ ಮುಟ್ಟುವ ದಾರಿಯೇ ಇರಲಿಲ್ಲ. ಅಂಗಡಿಯ ಬಾಗಿಲು ಇಬ್ಬರಿಗೂ ತೆರೆದಿತ್ತು, ಅಲ್ಲಿಗೆ ಬರುವ ರಸ್ತೆ ಒಬ್ಬನ ಕೈಯಲ್ಲಿತ್ತು.

ಯುದ್ಧ ಶುರುವಾದ ಕೂಡಲೇ ಅಮೆರಿಕದ ನೌಕಾಪಡೆ ತಾಟಸ್ಥ್ಯ ಗಸ್ತು ಎಂಬ ಹೆಸರಿನಲ್ಲಿ ತನ್ನ ಕರಾವಳಿಯಾಚೆ ತಿರುಗಾಡತೊಡಗಿತು. ಅಮೆರಿಕ ಖಂಡಗಳ ಸುತ್ತ ಸುಮಾರು 300 ಮೈಲಿಯವರೆಗೆ ಯಾರೂ ಕಾದಾಡಕೂಡದು ಎಂದು ಆ ಭಾಗದ ದೇಶಗಳು ಪನಾಮಾದಲ್ಲಿ ಸೇರಿ ಸಾರಿದ್ದವು. ಆ ಗಸ್ತು ಯಾವ ಕಡೆಗೆ ವಾಲಿತ್ತೆಂಬುದು ಡಿಸೆಂಬರ್‌ನಲ್ಲೇ ಗೊತ್ತಾಯಿತು. ಜರ್ಮನಿಯ ದೊಡ್ಡ ಪ್ರಯಾಣಿಕರ ಹಡಗು ಕೊಲಂಬಸ್ ಮೆಕ್ಸಿಕೋದಿಂದ ತಪ್ಪಿಸಿಕೊಂಡು ಹೊರಟಾಗ ಅಮೆರಿಕದ ಯುದ್ಧನೌಕೆಗಳು ಒಂದಾದ ಮೇಲೊಂದು ಅದರ ಬೆನ್ನು ಹಿಡಿದವು. ಅದು ಎಲ್ಲಿದೆಯೆಂಬುದನ್ನು ಸಂಕೇತವಿಲ್ಲದ ಸಾದಾ ಭಾಷೆಯಲ್ಲಿ, ಯಾರು ಬೇಕಾದರೂ ಕೇಳಿಸಿಕೊಳ್ಳುವಂತೆ, ರೇಡಿಯೊದಲ್ಲಿ ಹೇಳುತ್ತಲೇ ಹೋದವು. ಬ್ರಿಟನ್ನಿನ ಯುದ್ಧನೌಕೆ ಬಂದು ಎದುರು ನಿಂತಾಗ ಜರ್ಮನ್ ನಾವಿಕರು ತಮ್ಮ ಹಡಗನ್ನು ತಾವೇ ಮುಳುಗಿಸಿದರು. ಅವರನ್ನು ನೀರಿನಿಂದ ಎತ್ತಿ ನ್ಯೂಯಾರ್ಕಿಗೆ ಕರೆತಂದದ್ದು ಹಿಂದೆ ಬಂದಿದ್ದ ಅಮೆರಿಕದ ಟಸ್ಕಲೂಸಾ ಹಡಗು.

1940ರ ಜೂನ್‌ನಲ್ಲಿ ಫ್ರಾನ್ಸ್ ಬಿದ್ದಿತು. ಅದರ ಅಟ್ಲಾಂಟಿಕ್ ಬಂದರುಗಳು ಜರ್ಮನಿಯ ಜಲಾಂತರ್ಗಾಮಿಗಳಿಗೆ ಮನೆಯ ಅಂಗಳವಾದವು. ಬ್ರಿಟನ್ ಅನ್ನಕ್ಕೂ ಎಣ್ಣೆಗೂ ಕಡಲನ್ನೇ ನೆಚ್ಚಿಕೊಂಡ ದ್ವೀಪ. ಅದಕ್ಕೆ ಬೆಂಗಾವಲು ಹಡಗುಗಳೇ ಸಾಲದಾದವು. ಸೆಪ್ಟೆಂಬರ್ 2ರಂದು ಅಧ್ಯಕ್ಷ ರೂಸ್‌ವೆಲ್ಟ್ ಬೆಂಗಾವಲಿಗೆ ಒದಗುವ ವೇಗದ ಯುದ್ಧನೌಕೆಗಳಾದ ಡೆಸ್ಟ್ರಾಯರ್‌ಗಳಲ್ಲಿ ಹಳೆಯ ಐವತ್ತನ್ನು ಬ್ರಿಟನ್ನಿಗೆ ಕೊಟ್ಟು, ಬದಲಿಗೆ ನ್ಯೂಫೌಂಡ್‌ಲ್ಯಾಂಡ್, ಬರ್ಮುಡಾ, ಕೆರಿಬಿಯನ್ ದ್ವೀಪಗಳಲ್ಲಿ 99 ವರ್ಷಗಳ ನೌಕಾನೆಲೆಯ ಹಕ್ಕು ಪಡೆದರು. ಮನೆಯ ಕೊಡಲಿ ಪಕ್ಕದವನ ಕೈ ಸೇರಿತು. ಹೇಗ್ ನಿಯಮದ ಕಣ್ಣಿನಲ್ಲಿ ತಾಟಸ್ಥ್ಯ ಅವತ್ತೇ ಮುಗಿಯಿತು ಎಂದು ನಾನು ತಿಳಿಯುತ್ತೇನೆ. ಮೊದಲ ಯುದ್ಧದ ಕಾಲದ ವಿನ್ಯಾಸದ ಆ ಹಡಗುಗಳಿಗೆ ಸಾಲಾಗಿ ನಾಲ್ಕು ಹೊಗೆಕೊಳವೆಗಳು. ದೂರದಿಂದ ನೋಡಿದರೂ ಗುರುತು ಸಿಗುವ ಆಕಾರ. ಈ ನಾಲ್ಕು ಕೊಳವೆಗಳನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಇವು ಮತ್ತೆ ಬರುತ್ತವೆ.

ಬ್ರಿಟನ್ನಿನ ನಗದು ಮುಗಿಯುತ್ತ ಬಂದಿತು. ಪಕ್ಕದ ಮನೆಗೆ ಬೆಂಕಿ ಬಿದ್ದಾಗ ನೀರಿನ ಪೈಪಿನ ಬೆಲೆ ಕೇಳುತ್ತ ನಿಲ್ಲುತ್ತೀರಾ, ಮೊದಲು ಕೊಟ್ಟು ಬೆಂಕಿ ಆರಿದ ಮೇಲೆ ವಾಪಸು ಪಡೆಯುತ್ತೀರಾ ಎಂದು ರೂಸ್‌ವೆಲ್ಟ್ ಪತ್ರಕರ್ತರ ಮುಂದೆ ಕೇಳಿದರು. 1941ರ ಮಾರ್ಚ್ 11ರಂದು ಲೆಂಡ್–ಲೀಸ್ ಕಾಯ್ದೆ ಬಂದಿತು. ಇನ್ನು ಆಯುಧ ಎರವಲು ಸಿಗುತ್ತದೆ, ಹಣ ಈಗಲೇ ಬೇಡ. ಆದರೆ ನೆರವಿನ ಸರಕು ಅಟ್ಲಾಂಟಿಕ್‌ನ ತಳ ಸೇರಿದರೆ ಬಂದ ಪ್ರಯೋಜನವೇನು? ಅದನ್ನು ಕಾಯುವವರು ಯಾರು? ಬೆಂಗಾವಲು ಎಂದರೆ ಗುಂಡಿನ ಕಾಳಗ, ಗುಂಡಿನ ಕಾಳಗ ಎಂದರೆ ಯುದ್ಧ ಎಂಬುದು ಎಲ್ಲರಿಗೂ ತಿಳಿದಿತ್ತು. ಬ್ರಿಟನ್ನಿಗೆ ನೆರವು ಹೋಗಲಿ ಎನ್ನುತ್ತಿದ್ದ ಅಮೆರಿಕನ್ನರಲ್ಲೇ ಬಹುಪಾಲು ಜನ ಯುದ್ಧ ಘೋಷಣೆ ಬೇಡವೆನ್ನುತ್ತಿದ್ದರು.

ರೂಸ್‌ವೆಲ್ಟ್ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬ ದಾರಿ ಹಿಡಿದರು. ಬೆಂಗಾವಲು ಎನ್ನಲಿಲ್ಲ, ಗಸ್ತು ಎಂದರು. ಅದರ ಮೇರೆಯನ್ನು ಮಾತ್ರ ಪೂರ್ವಕ್ಕೆ ಸರಿಸುತ್ತ ಹೋದರು. ಏಪ್ರಿಲ್‌ನಲ್ಲಿ ಅಟ್ಲಾಂಟಿಕ್ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಅರ್ನೆಸ್ಟ್ ಕಿಂಗ್ ಅವರ ಆದೇಶ ಪಶ್ಚಿಮ ಗೋಳಾರ್ಧದ ಗಡಿಯನ್ನು 26 ಡಿಗ್ರಿ ಪಶ್ಚಿಮ ರೇಖಾಂಶದಲ್ಲಿ ಗುರುತಿಸಿತು. ಎಂದರೆ ಅರ್ಧ ಅಟ್ಲಾಂಟಿಕ್ ಅಮೆರಿಕದ ಅಂಗಳವಾಯಿತು. ಡೆನ್ಮಾರ್ಕ್ ಜರ್ಮನರ ವಶದಲ್ಲಿದ್ದುದರಿಂದ ವಾಷಿಂಗ್ಟನ್‌ನಲ್ಲಿದ್ದ ಡ್ಯಾನಿಷ್ ರಾಯಭಾರಿಯೊಂದಿಗೇ ಒಪ್ಪಂದ ಮಾಡಿಕೊಂಡು ಗ್ರೀನ್‌ಲ್ಯಾಂಡಿನ ರಕ್ಷಣೆಯನ್ನೂ ಅಮೆರಿಕ ವಹಿಸಿಕೊಂಡಿತು. ಜುಲೈ 7ರಂದು ಅಮೆರಿಕದ ಸೈನಿಕರು ಐಸ್‌ಲ್ಯಾಂಡಿನಲ್ಲಿ ಇಳಿದರು. ಅಷ್ಟಾದ ಮೇಲೆ ಐಸ್‌ಲ್ಯಾಂಡಿನವರೆಗೆ ತನ್ನ ಹಡಗುಗಳಿಗೆ ಕಾವಲು ಬೇಡವೇ ಎಂಬ ಪ್ರಶ್ನೆ ತಾನಾಗಿಯೇ ಬಂದಿತು. ಬ್ರಿಟನ್ನಿಗೆ ಹೋಗುವ ಹಡಗುಗಳ ದಾರಿಯೂ ಅದೇ ಆಗಿತ್ತು.

ಮೇ ತಿಂಗಳ ಒಂದು ಘಟನೆ ಅಂದಿನ ಅಮೆರಿಕನ್ನರಿಗೆ ಗೊತ್ತೇ ಇರಲಿಲ್ಲ. ಜರ್ಮನಿಯ ಮಹಾನೌಕೆ ಬಿಸ್ಮಾರ್ಕ್ ಬ್ರಿಟಿಷರ ಕಣ್ಣು ತಪ್ಪಿಸಿ ಫ್ರಾನ್ಸಿನ ಕಡೆಗೆ ಓಡುತ್ತಿತ್ತು. ಮೇ 26ರ ಬೆಳಿಗ್ಗೆ ಅದನ್ನು ಮೋಡಗಳ ಸಂದಿಯಿಂದ ಪತ್ತೆ ಹಚ್ಚಿದ ಬ್ರಿಟಿಷ್ ಕ್ಯಾಟಲೀನಾ ವಿಮಾನದ ಚಾಲಕರ ಪೀಠದಲ್ಲಿದ್ದವರು ಲೆನರ್ಡ್ ಸ್ಮಿತ್, ಅಮೆರಿಕ ನೌಕಾಪಡೆಯ ಅಧಿಕಾರಿ. ವಿಮಾನ ಓಡಿಸಲು ಕಲಿಸುವವರು ಎಂಬ ನೆಪದಲ್ಲಿ ಇಂಥ ಹಲವರನ್ನು ಅಮೆರಿಕ ಬ್ರಿಟನ್ನಿಗೆ ಕಳಿಸಿತ್ತು. ಮರುದಿನ ಬಿಸ್ಮಾರ್ಕ್ ಮುಳುಗಿತು, ಎರಡು ಸಾವಿರಕ್ಕೂ ಹೆಚ್ಚು ಜನ ಅದರೊಂದಿಗೆ ಹೋದರು. ಅದನ್ನು ಕಂಡುಹಿಡಿದ ಕಣ್ಣುಗಳು ತಟಸ್ಥ ದೇಶದವು ಎಂಬುದನ್ನು ಗುಟ್ಟಾಗಿಯೇ ಇಡಲಾಯಿತು.

ಅದೇ ಮೇ 21ರಂದು ಆಫ್ರಿಕಾದ ಪಶ್ಚಿಮ ಕಡಲಿನಲ್ಲಿ ಯು–69 ಜಲಾಂತರ್ಗಾಮಿ ರಾಬಿನ್ ಮೂರ್ ಎಂಬ ಅಮೆರಿಕನ್ ಸರಕು ಹಡಗನ್ನು ತಡೆಯಿತು. ಹಡಗಿನ ಮೇಲೆ ಅಮೆರಿಕದ ಧ್ವಜವಿತ್ತು. ಕಪ್ತಾನ ಎಲ್ಲರನ್ನೂ ದೋಣಿಗಿಳಿಸಿ, ಒಂದಿಷ್ಟು ಬ್ರೆಡ್ಡು ಬೆಣ್ಣೆ ಕೊಟ್ಟು, ಹಡಗನ್ನು ಮುಳುಗಿಸಿ ಹೊರಟುಹೋದ. ನಿಯಮದ ಪ್ರಕಾರ ಸಿಬ್ಬಂದಿಯನ್ನು ಸುರಕ್ಷಿತ ಸ್ಥಳ ಸೇರಿಸದೆ ಹಡಗು ಮುಳುಗಿಸುವಂತಿಲ್ಲ. ನೂರಾರು ಮೈಲಿ ದೂರದ ನಡುಗಡಲಿನ ತೆರೆದ ದೋಣಿ ಸುರಕ್ಷಿತ ಸ್ಥಳ ಹೇಗಾದೀತು? ಒಂದು ದೋಣಿ ಹದಿನೆಂಟು ದಿನ ತೇಲಿದ ಮೇಲೆ ಬ್ರೆಜಿಲ್‌ನ ಹಡಗೊಂದರ ಕಣ್ಣಿಗೆ ಬಿತ್ತು. ಎಲ್ಲರೂ ಬದುಕಿ ಬಂದರು. ರೂಸ್‌ವೆಲ್ಟ್ ಜೂನ್‌ನಲ್ಲಿ ಜರ್ಮನಿಯ ಆಸ್ತಿಗಳನ್ನು ತಡೆಹಿಡಿದು ಅದರ ದೂತಾವಾಸಗಳನ್ನು ಮುಚ್ಚಿಸಿದರು.

ಇಲ್ಲಿ ನಿಂತು ಜರ್ಮನಿಯ ಕಡೆಯಿಂದಲೂ ನೋಡಬೇಕು. ಇಷ್ಟೆಲ್ಲ ಆದರೂ ಹಿಟ್ಲರ್ ಏಕೆ ಸುಮ್ಮನಿದ್ದ? ಅವನಿಗೆ ಅಂತರರಾಷ್ಟ್ರೀಯ ಕಾನೂನಿನ ಮೇಲೆ ಗೌರವವಿತ್ತು ಎಂದಲ್ಲ. ಪೋಲೆಂಡ್, ನಾರ್ವೆ, ಹಾಲೆಂಡ್, ಬೆಲ್ಜಿಯಂ ಅವನ ಗೌರವ ಎಂಥದೆಂದು ಕಂಡಿದ್ದವು. ಅವನ ಲೆಕ್ಕ ಬೇರೆ ಇತ್ತು. 1941ರ ಜೂನ್ 22ರಂದು ಸೋವಿಯತ್ ಒಕ್ಕೂಟದ ಮೇಲೆ ದಾಳಿ. ಅದು ಮುಗಿಯುವ ಮೊದಲು ಇನ್ನೊಬ್ಬ ದೈತ್ಯನನ್ನು ಎಬ್ಬಿಸುವುದು ಬೇಡ. ದಾಳಿಗೆ ಎರಡು ದಿನ ಮೊದಲು ಯು–203 ಜಲಾಂತರ್ಗಾಮಿ ಅಮೆರಿಕದ ಟೆಕ್ಸಾಸ್ ಯುದ್ಧನೌಕೆಯ ಬೆನ್ನುಬಿದ್ದು ಟಾರ್ಪಿಡೊಗೆ ಹೊಂಚು ಹಾಕಿತ್ತು. ಸುದ್ದಿ ತಲುಪುತ್ತಲೇ ಅಮೆರಿಕದ ಯುದ್ಧನೌಕೆಗಳನ್ನು ಮುಟ್ಟಬೇಡಿ ಎಂಬ ಕಟ್ಟಪ್ಪಣೆ ಹೊರಟಿತು. ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ರೇಡರ್ ಆ ಅಪ್ಪಣೆ ಕೈಬಿಡಿ ಎಂದು ಮತ್ತೆ ಮತ್ತೆ ಕೇಳಿದ; ಸೆಪ್ಟೆಂಬರ್ 17ರಂದು ಕೇಳಿದಾಗಲೂ ಅಕ್ಟೋಬರ್ ಮಧ್ಯದವರೆಗೆ ತಾಳು ಎಂದೇ ಹಿಟ್ಲರ್ ಹೇಳಿದ. ಅಷ್ಟರಲ್ಲಿ ರಷ್ಯಾದ ಕಥೆ ತೀರ್ಮಾನವಾಗಿರುತ್ತದೆ ಎಂಬುದು ಅವನ ನಂಬಿಕೆ.

ಆಗಸ್ಟ್‌ನಲ್ಲಿ ನ್ಯೂಫೌಂಡ್‌ಲ್ಯಾಂಡಿನ ಪ್ಲಸೆನ್ಷಿಯಾ ಕೊಲ್ಲಿಯಲ್ಲಿ, ಹಡಗುಗಳ ಮೇಲೆ, ರೂಸ್‌ವೆಲ್ಟ್ ಮತ್ತು ಚರ್ಚಿಲ್ ಭೇಟಿಯಾದರು. ಜಗತ್ತು ಕಂಡದ್ದು ಅಟ್ಲಾಂಟಿಕ್ ಸನ್ನದು: ತಮ್ಮ ಸರ್ಕಾರ ಯಾವುದೆಂದು ಆರಿಸಿಕೊಳ್ಳುವ ಹಕ್ಕು ಎಲ್ಲ ಜನರಿಗೂ ಇದೆ ಎಂಬ ಮಾತು ಅದರಲ್ಲಿತ್ತು. ಸೆಪ್ಟೆಂಬರ್ 9ರಂದು ಚರ್ಚಿಲ್ ತಮ್ಮ ಸಂಸತ್ತಿನಲ್ಲಿ, ಆ ಮಾತು ನಾತ್ಸಿಗಳ ಕೈಕೆಳಗಿನ ಯುರೋಪಿನ ದೇಶಗಳಿಗೆ ಹೇಳಿದ್ದು, ಭಾರತ ಬರ್ಮಾಗಳ ವಿಷಯ ಬೇರೆ ಎಂದು ವಿವರಿಸಿದರು. ಭಾರತೀಯರಿಗೆ ಆ ವಿವರಣೆ ನೋಯಿಸಿದ್ದು ಸಹಜ. ಜಗತ್ತು ಕಾಣದ ಇನ್ನೊಂದು ಮಾತು ಅದೇ ಭೇಟಿಯಲ್ಲಿ ಆಗಿತ್ತು. ಲಂಡನ್ನಿಗೆ ಮರಳಿದ ಚರ್ಚಿಲ್ ಸಂಪುಟದ ಸಭೆಯಲ್ಲಿ ಹೇಳಿದ್ದು ದಾಖಲಾಗಿದೆ: ರೂಸ್‌ವೆಲ್ಟ್ ಯುದ್ಧ ಮಾಡುತ್ತಾರೆ, ಆದರೆ ಸಾರುವುದಿಲ್ಲ, ದಿನದಿನಕ್ಕೆ ಹೆಚ್ಚು ಕೆಣಕುತ್ತ ಹೋಗುತ್ತಾರೆ.

ಕೆಣಕಲು ಹೆಚ್ಚು ದಿನ ಕಾಯಬೇಕಾಗಲಿಲ್ಲ. ಸೆಪ್ಟೆಂಬರ್ 4ರ ಬೆಳಿಗ್ಗೆ ಗ್ರೀರ್ ಎಂಬ ಡೆಸ್ಟ್ರಾಯರ್ ಟಪಾಲು ಮತ್ತು ಕೆಲವು ಪ್ರಯಾಣಿಕರನ್ನು ಹೊತ್ತು ಐಸ್‌ಲ್ಯಾಂಡಿಗೆ ಹೋಗುತ್ತಿತ್ತು. ಮೇಲೆ ಹಾರಿಬಂದ ಬ್ರಿಟಿಷ್ ವಿಮಾನವೊಂದು, ಹತ್ತು ಮೈಲಿ ಮುಂದೆ ಜಲಾಂತರ್ಗಾಮಿಯೊಂದು ನೀರಿನೊಳಗೆ ಇಳಿದಿದೆ ಎಂದು ಸಂಜ್ಞೆ ಕೊಟ್ಟಿತು. ಗ್ರೀರ್ ಅಲ್ಲಿಗೆ ಧಾವಿಸಿತು. ಸೋನಾರ್ ಯಂತ್ರ ನೀರಿನೊಳಗೆ ಶಬ್ದ ಕಳಿಸಿ ಅದರ ಮರುದನಿಯಿಂದ ಅಡಗಿದ್ದನ್ನು ಪತ್ತೆ ಮಾಡುತ್ತದೆ. ಯು–652 ಸಿಕ್ಕಿತು. ಗ್ರೀರ್ ಅದರ ಬೆನ್ನು ಬಿಡಲಿಲ್ಲ, ಅದು ಎಲ್ಲಿದೆಯೆಂದು ವಿಮಾನಕ್ಕೆ ಹೇಳುತ್ತಲೇ ಇತ್ತು. ಗುಂಡು ಹಾರಿಸಲಿಲ್ಲ, ಅದಕ್ಕೆ ಆದೇಶವಿರಲಿಲ್ಲ. ವಿಮಾನಕ್ಕೆ ಅಂಥ ಅಡ್ಡಿಯಿರಲಿಲ್ಲ. ನೀರಿನ ಆಳದಲ್ಲಿ ಸಿಡಿಯುವ ನಾಲ್ಕು ಡೆಪ್ತ್ ಚಾರ್ಜ್ ಬಾಂಬುಗಳನ್ನು ಕೆಡವಿ, ಇಂಧನ ಮುಗಿಯುತ್ತ ಬಂತೆಂದು ಅದು ಹಿಂದಿರುಗಿತು. ಗ್ರೀರ್ ಬೆನ್ನು ಹಿಡಿದೇ ಇತ್ತು.

ಈಗ ನೀರಿನ ಕೆಳಗೆ ಕುಳಿತ ಜರ್ಮನ್ ಕಪ್ತಾನ ಫ್ರಾಟ್ಸ್‌ನ ಜಾಗದಲ್ಲಿ ನಿಂತು ಯೋಚಿಸಿ. ಉಕ್ಕಿನ ಕೊಳವೆಯೊಳಗೆ ಗಂಟೆಗಟ್ಟಲೆ ಸೋನಾರ್‌ನ ಟಣ್ ಟಣ್ ಸದ್ದು. ನಾಲ್ಕು ಸ್ಫೋಟಗಳು ಹಡಗನ್ನು ನಡುಗಿಸಿವೆ. ಅವು ವಿಮಾನದಿಂದ ಬಿದ್ದವೋ ಮೇಲಿರುವ ಹಡಗಿನಿಂದ ಬಿದ್ದವೋ ಒಳಗಿದ್ದವನಿಗೆ ತಿಳಿಯುವುದಿಲ್ಲ. ಪೆರಿಸ್ಕೋಪ್ ಎತ್ತಿ ನೋಡಿದರೆ ಕಾಣುವುದು ನಾಲ್ಕು ಹೊಗೆಕೊಳವೆಗಳ ಡೆಸ್ಟ್ರಾಯರ್. ಅಮೆರಿಕ ಬ್ರಿಟನ್ನಿಗೆ ಕೊಟ್ಟ ಐವತ್ತರಲ್ಲೂ ಇದೇ ಆಕಾರ. ಮೇಲಿರುವುದು ಅಮೆರಿಕದ ಹಡಗೆಂದು ಹೇಗೆ ಗುರುತಿಸುವುದು? ಮಧ್ಯಾಹ್ನ 12.40ರ ಸುಮಾರಿಗೆ ಅವನು ಟಾರ್ಪಿಡೊ ಬಿಟ್ಟ. ಗ್ರೀರ್ ತಪ್ಪಿಸಿಕೊಂಡು ಡೆಪ್ತ್ ಚಾರ್ಜ್‌ಗಳನ್ನು ಸುರಿಸಿತು. ಅವನು ಇನ್ನೊಂದು ಬಿಟ್ಟ, ಅದೂ ತಪ್ಪಿತು. ಗ್ರೀರ್ ಮತ್ತೆ ಹುಡುಕಿ ಮತ್ತಷ್ಟು ಸುರಿಸಿತು. ಯಾರಿಗೂ ಏನೂ ಆಗಲಿಲ್ಲ.

ಸೆಪ್ಟೆಂಬರ್ 7ರಂದು ರೂಸ್‌ವೆಲ್ಟ್ ಅವರ ತಾಯಿ ತೀರಿಕೊಂಡಿದ್ದರು. ನಾಲ್ಕು ದಿನಗಳ ನಂತರ, 11ರ ರಾತ್ರಿ, ಅವರು ರೇಡಿಯೊದಲ್ಲಿ ದೇಶದೊಂದಿಗೆ ಮಾತನಾಡಿದರು. ಜರ್ಮನಿಯ ಜಲಾಂತರ್ಗಾಮಿಯೇ ಮೊದಲು ಗುಂಡು ಹಾರಿಸಿತು, ಅದೂ ಎಚ್ಚರಿಕೆ ಕೊಡದೆ, ಮುಳುಗಿಸಬೇಕೆಂಬ ಉದ್ದೇಶದಿಂದಲೇ ಎಂದರು. ಕಚ್ಚಲು ಹೆಡೆಯೆತ್ತಿದ ಹಾವನ್ನು ಕಂಡಾಗ ಅದು ಕಚ್ಚುವವರೆಗೆ ಕಾಯುವುದಿಲ್ಲ, ಮೊದಲೇ ಜಜ್ಜುತ್ತೇವೆ ಎಂಬರ್ಥದ ಅವರ ಮಾತು ಮನೆಮನೆಯಲ್ಲಿ ಉಳಿಯಿತು. ಅಮೆರಿಕ ಕಾಯುವ ಕಡಲಿಗೆ ಜರ್ಮನಿ ಅಥವಾ ಇಟಲಿಯ ಯುದ್ಧನೌಕೆ ಬಂದರೆ ಕಂಡಲ್ಲಿ ಗುಂಡು ಎಂಬುದು ಅದರ ಸಾರ. ಅದೇ ಸಂಜೆ ಅಯೋವಾದ ಡೆ ಮೊಯಿನ್‌ನಲ್ಲಿ ವಿಮಾನವೀರ ಚಾರ್ಲ್ಸ್ ಲಿಂಡ್‌ಬರ್ಗ್, ದೇಶವನ್ನು ಯುದ್ಧಕ್ಕೆ ನೂಕುತ್ತಿರುವವರು ಬ್ರಿಟಿಷರು, ಯಹೂದಿಗಳು, ರೂಸ್‌ವೆಲ್ಟ್ ಸರ್ಕಾರ ಎಂದು ಭಾಷಣ ಮಾಡಿದ. ಯುದ್ಧ ಬೇಡವೆನ್ನುವ ಪಕ್ಷಕ್ಕೆ ಆ ಮಾತಿನಿಂದಾದ ಗಾಯ ಮಾಯಲಿಲ್ಲ. ಯಹೂದಿಗಳ ಮೇಲೆ ಹೊರಿಸಿದ ಆ ಆಪಾದನೆ ಹಸಿ ವಿಷ.

ರೂಸ್‌ವೆಲ್ಟ್ ಹೇಳಿದ್ದು ಸುಳ್ಳೇ? ಮೊದಲ ಟಾರ್ಪಿಡೊ ಜರ್ಮನ್ನರದು ಎಂಬುದು ನಿಜ. ಆದರೆ ಗ್ರೀರ್ ಮೂರು ಗಂಟೆಗೂ ಹೆಚ್ಚು ಕಾಲ ಬೆನ್ನು ಹಿಡಿದಿತ್ತು, ಬ್ರಿಟಿಷ್ ವಿಮಾನ ಅಷ್ಟರಲ್ಲಿ ಬಾಂಬು ಹಾಕಿತ್ತು ಎಂಬುದನ್ನು ಅವರು ಹೇಳಲಿಲ್ಲ. ಅಮೆರಿಕ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಸ್ಟಾರ್ಕ್ ಅಕ್ಟೋಬರ್‌ನಲ್ಲಿ ಸೆನೆಟ್ ಸಮಿತಿಗೆ ಬರೆದುಕೊಟ್ಟ ವರದಿಯಿಂದ ಅದು ಹೊರಬಂದಿತು. ನಾತ್ಸಿ ಜರ್ಮನಿಯನ್ನು ತಡೆಯಲೇಬೇಕಿತ್ತು ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಆ ಕಾರಣಕ್ಕೇ ಈ ಮುಚ್ಚುಮರೆ ನನ್ನನ್ನು ಹೆಚ್ಚು ಕಾಡುತ್ತದೆ. ಮಕ್ಕಳನ್ನು ಕಳಿಸುವ ಜನರಿಗೆ ಪೂರ್ತಿ ಕಥೆ ಹೇಳಿಯೇ ಕೇಳಬಹುದಾಗಿದ್ದಷ್ಟು ಗಟ್ಟಿ ಕಾರಣ ಅವರ ಬಳಿ ಇತ್ತು. ಒಮ್ಮೆ ಅಧ್ಯಕ್ಷರೊಬ್ಬರು ಹೀಗೆ ಮಾಡಿ ಅದು ಒಳ್ಳೆಯದಕ್ಕೇ ಆಯಿತೆಂದರೆ, ಮುಂದಿನವರು ಕೆಟ್ಟದ್ದಕ್ಕೂ ಅದೇ ದಾರಿ ಹಿಡಿಯಬಹುದು.

ಮುಂದಿನದು ವೇಗವಾಗಿ ನಡೆಯಿತು. ಸೆಪ್ಟೆಂಬರ್ ಮಧ್ಯದಿಂದ ಅಮೆರಿಕದ ಡೆಸ್ಟ್ರಾಯರ್‌ಗಳು ನ್ಯೂಫೌಂಡ್‌ಲ್ಯಾಂಡಿನಿಂದ ಐಸ್‌ಲ್ಯಾಂಡಿನ ದಕ್ಷಿಣದ ಕಡಲಿನವರೆಗೆ ಬೆಂಗಾವಲಾಗಿ ನಡೆದು, ಅಲ್ಲಿ ಬ್ರಿಟಿಷರಿಗೆ ಒಪ್ಪಿಸತೊಡಗಿದವು. ಅಕ್ಟೋಬರ್ 17ರ ನಸುಕಿನಲ್ಲಿ ತೋಳಗಳ ಹಿಂಡಿನಂತೆ ಮುತ್ತಿದ ಜಲಾಂತರ್ಗಾಮಿಗಳ ನಡುವೆ ಹಡಗುಗಳು ಉರಿಯುತ್ತಿದ್ದವು. ಆ ಬೆಳಕಿನಲ್ಲಿ ಎದ್ದು ಕಂಡ ಕಾರ್ನಿಗೆ ಯು–568ರ ಟಾರ್ಪಿಡೊ ಬಡಿಯಿತು. 11 ಜನ ಸತ್ತರು, 22 ಜನ ಗಾಯಗೊಂಡರು. ಒಂದೇ ವರ್ಷದ ಹಿಂದೆ ಸೇವೆಗೆ ಸೇರಿದ ಗಟ್ಟಿ ಹಡಗಾದ್ದರಿಂದ ಅದು ತೆವಳುತ್ತ ಐಸ್‌ಲ್ಯಾಂಡ್ ಸೇರಿತು. ಅಕ್ಟೋಬರ್ 27ರಂದು ರೂಸ್‌ವೆಲ್ಟ್ ಅಮೆರಿಕದ ಮೇಲೆ ದಾಳಿಯಾಗಿದೆ ಎಂದು ಸಾರಿದರು. ದಕ್ಷಿಣ ಅಮೆರಿಕವನ್ನು ಹಂಚಿಕೊಳ್ಳುವ ಜರ್ಮನಿಯ ಗುಪ್ತ ನಕ್ಷೆ ತಮ್ಮ ಬಳಿ ಇದೆ ಎಂದೂ ಹೇಳಿದರು. ಆ ನಕ್ಷೆ ಬ್ರಿಟಿಷ್ ಗುಪ್ತಚರರ ಕೈಚಳಕ ಎಂಬುದು ಈಗ ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ.

ನಾಲ್ಕು ದಿನಗಳ ನಂತರ ರೂಬೆನ್ ಜೇಮ್ಸ್. ಅದೂ ನಾಲ್ಕು ಕೊಳವೆಗಳ ಹಳೆಯ ಹಡಗು. ಅಕ್ಟೋಬರ್ 31ರ ಬೆಳಗಿನ ಜಾವ, ಐರ್ಲೆಂಡಿನ ಪಶ್ಚಿಮಕ್ಕೆ ಸುಮಾರು 600 ಮೈಲಿ ದೂರದಲ್ಲಿ, ಐದು ಅಮೆರಿಕನ್ ಡೆಸ್ಟ್ರಾಯರ್‌ಗಳು ಸರಕು ಹಡಗುಗಳ ಸಾಲೊಂದನ್ನು ಕಾಯುತ್ತ ಸಾಗಿದ್ದವು. ಇನ್ನೂ ಬೆಳಕು ಹರಿದಿರಲಿಲ್ಲ. ಎರಿಕ್ ಟಾಪ್‌ನ ಯು–552 ಬಿಟ್ಟ ಟಾರ್ಪಿಡೊ ಹಡಗಿನ ಎಡಬದಿಗೆ ಬಡಿದು, ಒಳಗಿದ್ದ ಮದ್ದಿನ ಕೋಣೆ ಸಿಡಿಯಿತು. ಮುಂಭಾಗ ಕಿತ್ತುಹೋಗಿ ಮುಳುಗಿತು. ಹಿಂಭಾಗ ಐದು ನಿಮಿಷ ತೇಲಿತು. ಅಷ್ಟರಲ್ಲಿ ನೀರಿಗೆ ಹಾರಿದವರು ದಪ್ಪನೆಯ ಕಪ್ಪು ಎಣ್ಣೆಯಲ್ಲಿ ಉಸಿರಿಗೆ ಒದ್ದಾಡುತ್ತಿದ್ದರು. ಹಿಂಭಾಗವೂ ಮುಳುಗಿದಾಗ ಅದರ ಮೇಲಿದ್ದ ಡೆಪ್ತ್ ಚಾರ್ಜ್‌ಗಳು ಆಳಕ್ಕಿಳಿದು ಸಿಡಿದವು. ಜಲಾಂತರ್ಗಾಮಿಯನ್ನು ಕೊಲ್ಲಲು ಇಟ್ಟುಕೊಂಡ ಬಾಂಬುಗಳು ಈಜುತ್ತಿದ್ದ ತಮ್ಮವರನ್ನೇ ಕೊಂದವು. ಹಡಗಿನಲ್ಲಿದ್ದ 144 ಜನರಲ್ಲಿ 44 ಮಂದಿ ಉಳಿದರು. ಅಧಿಕಾರಿಗಳಲ್ಲಿ ಒಬ್ಬರೂ ಉಳಿಯಲಿಲ್ಲ. ಎಣ್ಣೆಯಿಂದ ಜಾರುತ್ತಿದ್ದ ಮೈಗಳನ್ನು ಹಗ್ಗ ಬಲೆಗಳಿಂದ ಮೇಲೆಳೆದ ಹಡಗುಗಳಲ್ಲಿ ನಿಬ್ಲಾಕ್ ಒಂದು. ಆ ವರ್ಷದ ಏಪ್ರಿಲ್‌ನಲ್ಲೇ, ಮುಳುಗಿದ ಡಚ್ ಹಡಗೊಂದರ ಜನರನ್ನು ಎತ್ತುವಾಗ ಜಲಾಂತರ್ಗಾಮಿ ಇದೆಯೆಂಬ ಶಂಕೆಯಿಂದ ಡೆಪ್ತ್ ಚಾರ್ಜ್ ಹಾಕಿದ್ದ ಹಡಗು ಅದು.

ಜರ್ಮನಿಯ ಘೋಷಣಾ ಪತ್ರ ರೂಬೆನ್ ಜೇಮ್ಸ್ ಗುಂಡು ಹಾರಿಸಿತು ಎನ್ನುತ್ತದೆ. ತಾನು ಸಾಯುತ್ತಿದ್ದೇನೆಂದು ತಿಳಿಯಲೂ ಆ ಹಡಗಿಗೆ ಸಮಯ ಸಿಗಲಿಲ್ಲ.

ಇಷ್ಟಾದ ಮೇಲೂ ರೂಸ್‌ವೆಲ್ಟ್ ಯುದ್ಧ ಘೋಷಣೆ ಕೇಳಲಿಲ್ಲ, ಕೇಳಿದ್ದರೆ ಸಂಸತ್ತು ಕೊಡುವ ಹಾಗೂ ಇರಲಿಲ್ಲ. ಸರಕು ಹಡಗುಗಳಿಗೆ ತೋಪು ಹೂಡಲು, ಯುದ್ಧದ ಕಡಲಿಗೆ ಹೋಗಲು ಅನುಮತಿಯಷ್ಟೇ ಕೇಳಿದರು. ನವೆಂಬರ್ 7ರಂದು ಸೆನೆಟ್ 50–37ರಿಂದ, 13ರಂದು ಕೆಳಮನೆ 212–194ರಿಂದ ಒಪ್ಪಿದವು. ರೂಬೆನ್ ಜೇಮ್ಸ್ ಮುಳುಗಿ ಎರಡು ವಾರವಾಗಿದ್ದರೂ ಇಷ್ಟು ಕಡಿಮೆ ಅಂತರ. ಜನ ಸಿಟ್ಟಾಗಿದ್ದರು, ದುಃಖದಲ್ಲಿದ್ದರು, ಯುದ್ಧ ಮಾತ್ರ ಅವರಿಗೆ ಬೇಡವಾಗಿತ್ತು. ಪರ್ಲ್ ಹಾರ್ಬರ್ ನಂತರವೂ ಅಮೆರಿಕ ಡಿಸೆಂಬರ್ 8ರಂದು ಯುದ್ಧ ಸಾರಿದ್ದು ಜಪಾನಿನ ಮೇಲೆ ಮಾತ್ರ. ಜಪಾನ್ ತಾನೇ ದಾಳಿ ಮಾಡಿದ್ದರಿಂದ ಮೈತ್ರಿ ಒಪ್ಪಂದದ ಪ್ರಕಾರ ಹಿಟ್ಲರ್ ಅದರ ಬೆನ್ನಿಗೆ ನಿಲ್ಲಬೇಕಿರಲಿಲ್ಲ. ಆದರೂ ನಿಂತ. ಅಟ್ಲಾಂಟಿಕ್‌ನಲ್ಲಿ ಕಾದಾಟ ಹೇಗೂ ನಡೆದೇ ಇದೆ, ಅಮೆರಿಕ ಪೆಸಿಫಿಕ್‌ನಲ್ಲಿ ಸಿಕ್ಕಿಬೀಳುತ್ತದೆ, ಇನ್ನು ಜಲಾಂತರ್ಗಾಮಿಗಳ ಕೈ ಕಟ್ಟಿಹಾಕುವುದೇಕೆ ಎಂಬುದು ಅವನ ಎಣಿಕೆ. 1942ರ ಜನವರಿಯಲ್ಲಿ ಆ ಜಲಾಂತರ್ಗಾಮಿಗಳು ಅಮೆರಿಕದ ಕರಾವಳಿಗೇ ಬಂದು ನಿಂತವು.

ಈ ಘೋಷಣೆಯಾಗದ ಯುದ್ಧಕ್ಕೆ ಒಂದು ಕೋರ್ಟ್ ತೀರ್ಪೂ ಇದೆ. ರೂಬೆನ್ ಜೇಮ್ಸ್ ಮುಳುಗಿದ ಆರನೆಯ ದಿನ, ನವೆಂಬರ್ 6ರಂದು, ಸಮಭಾಜಕ ವೃತ್ತದ ಬಳಿ ಅಮೆರಿಕದ ಒಮಾಹ ಮತ್ತು ಸೋಮರ್ಸ್ ಯುದ್ಧನೌಕೆಗಳಿಗೆ ಸರಕು ಹಡಗೊಂದು ಎದುರಾಯಿತು. ಅಮೆರಿಕದ ಧ್ವಜ, ಹಿಂಬದಿಯಲ್ಲಿ ವಿಲ್‌ಮೋಟೊ, ಫಿಲಡೆಲ್ಫಿಯಾ ಎಂಬ ಬರಹ. ಕೇಳಿದ ಪ್ರಶ್ನೆಗಳಿಗೆ ಉತ್ತರ ಮಾತ್ರ ಸರಿ ಬರಲಿಲ್ಲ. ಅಮೆರಿಕನ್ ನಾವಿಕರು ಹತ್ತಿರ ಬರುತ್ತಿದ್ದಂತೆ ಅದರ ಸಿಬ್ಬಂದಿ ಹಡಗನ್ನು ಮುಳುಗಿಸಲು ಸ್ಫೋಟಕ ಹಚ್ಚಿ ದೋಣಿಗಿಳಿದರು. ನಾವಿಕರು ಹತ್ತಿ, ನುಗ್ಗುತ್ತಿದ್ದ ನೀರು ತಡೆದು, ಹಡಗನ್ನು ಉಳಿಸಿದರು. ಅದು ಜಪಾನಿನಿಂದ ರಬ್ಬರ್ ತರುತ್ತಿದ್ದ ಜರ್ಮನಿಯ ಓಡನ್‌ವಾಲ್ಡ್. ಯುದ್ಧವೇ ಇಲ್ಲದಿರುವಾಗ ಇನ್ನೊಂದು ದೇಶದ ಹಡಗನ್ನು ಹಿಡಿಯುವುದು ಯಾವ ಕಾನೂನಿನಲ್ಲಿ? ಗುಲಾಮರನ್ನು ಸಾಗಿಸುತ್ತಿರುವ ಶಂಕೆ ಎಂಬ ಹಳೆಯ ಕಾಯ್ದೆಯ ನೆಪ ಹೂಡಿ ಅದನ್ನು ಬಂದರಿಗೆ ತಂದರು.

1947ರಲ್ಲಿ ಮೊಕದ್ದಮೆ ಕೋರ್ಟಿನ ಮುಂದೆ ಬಂದಿತು. ಶತ್ರುವಿನಿಂದ ಕಸಿದ ಹಡಗಾದರೆ ನಾವಿಕರಿಗೆ ಬಿಡಿಗಾಸಿಲ್ಲ. ಮುಳುಗುತ್ತಿದ್ದ ಹಡಗನ್ನು ಉಳಿಸಿದ್ದಾದರೆ ಸಂಭಾವನೆ ಉಂಟು. 1941ರ ನವೆಂಬರ್ 6ರಂದು ಅಮೆರಿಕ ಮತ್ತು ಜರ್ಮನಿ ಯುದ್ಧದಲ್ಲಿರಲಿಲ್ಲ ಎಂದು ಕೋರ್ಟು ಹೇಳಿತು. ಮೊದಲು ಹಡಗು ಹತ್ತಿದವರಿಗೆ ತಲಾ 3,000 ಡಾಲರ್ ಸಿಕ್ಕಿತು.